ಕುದುರೆ ಕೊಟ್ಟು ಗಾಬರಿ ಹುಟ್ಟಿಸುವ ಆಟ

ಚೆಸ್‌ನಲ್ಲಿ ಗ್ಯಾಂಬಿಟ್ ಅಂತ ಒಂದಿದೆ. ಆಟ ಶುರುವಾಗುತ್ತಿದ್ದಂತೆ ನಮ್ಮದೇ ಒಂದು ಕಾಲಾಳನ್ನೋ, ಕೆಲವೊಮ್ಮೆ ದೊಡ್ಡ ಕಾಯನ್ನೋ ಬೇಕಂತಲೇ ಬಲಿ ಕೊಟ್ಟು ದಾಳಿಗೆ ದಾರಿ ಮಾಡಿಕೊಳ್ಳುವುದು. ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ಅಡಮಾನ ಇಲ್ಲದ ಸಾಲ. ಕೆಲವು ವಸೂಲಾಗುತ್ತವೆ, ಕೆಲವು ಕೊಡುವಾಗಲೇ ಎನ್‌ಪಿಎ! ನನಗೆ ಪ್ರೀತಿ ಈ ಎರಡನೇ ಜಾತಿಯ ಮೇಲೆ. ವಾರವಿಡೀ ಸಾಲದ ಅರ್ಜಿಗಳಲ್ಲಿ ಹುಳುಕು ಹುಡುಕುವವನಿಗೆ ಭಾನುವಾರವಾದರೂ ಒಂದಿಷ್ಟು ಧಾರಾಳತನ ಬೇಡವೇ?

ನನ್ನ ಮೆಚ್ಚಿನದು ಕಾಕ್ರೇನ್ ಗ್ಯಾಂಬಿಟ್. ಎರಡೂ ಕಡೆ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದು, ಕುದುರೆಗಳು ಹೊರಬಂದು, ಬಿಳಿ ಕುದುರೆ ಎದುರಾಳಿಯ ನಡುವಿನ ಕಾಲಾಳನ್ನು ತಿಂದಿರುತ್ತದೆ. ಅದನ್ನು ಓಡಿಸಲು ಕಪ್ಪಿನವರು ಇನ್ನೊಂದು ಕಾಲಾಳನ್ನು ತಳ್ಳುತ್ತಾರೆ. ಬುದ್ಧಿವಂತರು ಹಿಂದೆ ಸರಿಯುತ್ತಾರೆ. ನಾವು ಸರಿಯುವುದಿಲ್ಲ. ರಾಜನ ಪಕ್ಕದ, ಅವನೊಬ್ಬನೇ ಕಾಯುವ ಕಾಲಾಳಿನ ಮೇಲೆ ಕುದುರೆಯನ್ನು ನುಗ್ಗಿಸುತ್ತೇವೆ. ತಿನ್ನದಿದ್ದರೆ ಮಂತ್ರಿಯೋ ಆನೆಯೋ ಹೋಗುತ್ತದೆ. ಹಾಗಾಗಿ ರಾಜ ತಾನೇ ಎದ್ದುಬರಬೇಕು.

ಈಗ ಲೆಕ್ಕ ಹಾಕಿ. ಕುದುರೆಗೆ ಮೂರು ಅಂಕ, ನಮಗೆ ಸಿಕ್ಕಿದ್ದು ಎರಡು ಕಾಲಾಳು, ಅಂದರೆ ಎರಡು ಅಂಕ. ನಷ್ಟವೇ. ಆದರೆ ಆ ರಾಜನಿಗೆ ಇನ್ನು ಕ್ಯಾಸಲಿಂಗ್ ಇಲ್ಲ, ಬಯಲಲ್ಲಿ ನಿಂತಿದ್ದಾನೆ. ನಾವು ನಡುವಿನಲ್ಲಿ ಇನ್ನೊಂದು ಕಾಲಾಳನ್ನು ಮುಂದಿಡುತ್ತೇವೆ. ಕಪ್ಪು ಕುದುರೆ ಆಸೆಗೆ ಬಿದ್ದು ಪಕ್ಕದ ಕಾಲಾಳನ್ನು ತಿಂದರೆ, ನಮ್ಮ ಮಂತ್ರಿ ಚೆಕ್ ಕೊಡುತ್ತಾ ಬಂದು ಆ ಕುದುರೆಯನ್ನೇ ಎತ್ತಿಕೊಳ್ಳುತ್ತದೆ. ಸಾಲ ಬಡ್ಡಿ ಸಮೇತ ವಾಪಸ್!

ಇದು ನಮ್ಮ ನೆಲದಲ್ಲೇ ಆಡಿದ ಆಟ ಅನ್ನುವುದು ಇನ್ನೊಂದು ಖುಷಿ. ಜಾನ್ ಕಾಕ್ರೇನ್ ಕಲ್ಕತ್ತೆಯಲ್ಲಿದ್ದ ಸ್ಕಾಟಿಷ್ ಬ್ಯಾರಿಸ್ಟರ್. 1848ರಲ್ಲಿ ಇದನ್ನು ಮಹೇಶಚಂದ್ರ ಬ್ಯಾನರ್ಜಿಯವರ ಮೇಲೆ ಪ್ರಯೋಗಿಸಿದ್ದ. ಇತ್ತ ಅದೇ ಕಾಲಕ್ಕೆ ಮೈಸೂರಿನಲ್ಲಿ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಕೂರಿಸುವ ಲೆಕ್ಕದಲ್ಲಿ ಪ್ರವೀಣರಾಗಿದ್ದರು. ದೊಡ್ಡವರು ಇಂಥ ಗ್ಯಾಂಬಿಟ್ ಮುಟ್ಟುವುದಿಲ್ಲ ಅಂತ ಹೇಳಬೇಡಿ. 1999ರ ಲಿನಾರೆಸ್ ಪಂದ್ಯಾವಳಿಯಲ್ಲಿ ಟೊಪಾಲೋವ್ ಇದನ್ನು ಕ್ರಾಮ್ನಿಕ್ ಮೇಲೆ ಆಡಿ ಡ್ರಾ ಮಾಡಿಕೊಂಡರು. ಮರುವರ್ಷವೇ ಕಾಸ್ಪರೋವ್‌ರನ್ನು ಸೋಲಿಸಿದ ಕ್ರಾಮ್ನಿಕ್!

ಇಷ್ಟೆಲ್ಲಾ ಹೇಳಿದ್ದು ಯಾಕೆಂದರೆ, ಖಾರಘರದ ನಮ್ಮ ಸೊಸೈಟಿಯಲ್ಲಿ ಈ ಕುದುರೆಗೆ ಹೆದರದವರು ಒಬ್ಬರಿದ್ದಾರೆ. ಸಾತಾರಾ ಕಡೆಯ ಎಂಬತ್ತರ ಕಾಕಾ. ರಾಜ ಹೊರಗೆ ಬಂದರೂ ಚಹಾ ಹೀರುತ್ತಾ ನಿಧಾನಕ್ಕೆ ಒಂದೊಂದೇ ಮನೆ ನಡೆಸಿ ಮೂಲೆ ಸೇರಿಸುತ್ತಾರೆ. ಕೊನೆಗೆ ಒಂದು ಕುದುರೆ ಕಡಿಮೆಯಾಗಿ ನಾನು ಸೋಲುತ್ತೇನೆ. "ಕಾಕಾ, ನಿಮಗೆ ಗಾಬರಿಯೇ ಆಗೋಲ್ಲವಾ?" ಅಂತ ಕೇಳಿದೆ. "ನಮ್ಮಪ್ಪ ಕಲಿಸಿದ ಆಟದಲ್ಲಿ ಕ್ಯಾಸಲಿಂಗ್ ಎಲ್ಲಿತ್ತು? ರಾಜ ನಡೆಯೋದಕ್ಕೇ ಇರೋದು" ಅಂದರು. ನಿಜ ನೋಡಿ, ನಮ್ಮ ಹಳೇ ಪದ್ಧತಿಯಲ್ಲಿ ಕಾಲಾಳಿಗೆ ಎರಡು ಮನೆ ಓಟವಿಲ್ಲ. ರಾಜನಿಗೆ ಒಂದೇ ಒಂದು ಸಲ ಕುದುರೆಯ ನೆಗೆತ, ಅಷ್ಟೇ.

ಮೇಲಿನ ಮಹಡಿಯ ಹುಡುಗನ ಕಥೆ ಬೇರೆ. ಹತ್ತನೇ ಕ್ಲಾಸು, ಕಂಪ್ಯೂಟರ್ ಹೇಳಿದ ನಡೆಗಳೆಲ್ಲ ಬಾಯಿಪಾಠ. ಮೊದಲ ಸಲ ಈ ಕುದುರೆ ಬಂದಾಗ ಅವನ ಕೈ ನಡುಗಿತು, ಸೋತ. ಆಮೇಲೆ ಮೊಬೈಲ್‌ನಲ್ಲಿ ನೋಡಿ ಬಂದು, "ಅಂಕಲ್, ಇದು ತಪ್ಪು ನಡೆ ಅಂತ ಗೊತ್ತಿದ್ದೂ ಆಡಿದರೆ ಮೋಸ ಅಲ್ವಾ?" ಅಂದ. ಕಣ್ಣಲ್ಲಿ ನೀರಿತ್ತು.

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನಲ್ಲಿ ದಾಖಲೆ ಮುಚ್ಚಿಟ್ಟರೆ ಮೋಸ. ಇಲ್ಲಿ ಕುದುರೆ, ಮಂತ್ರಿ, ರಾಜ ಎಲ್ಲ ಅವನ ಕಣ್ಣೆದುರಿಗೇ ಇದ್ದವು. ನಾನು ಮುಚ್ಚಿಟ್ಟಿದ್ದು ಏನೂ ಇಲ್ಲ. ನಂಬಿದ್ದು ಅವನ ಭಯವನ್ನು ಮಾತ್ರ. ಅವನಿಗೂ ಇದನ್ನೇ ಹೇಳಿದೆ.

ಅವನ ತಾಯಿ ಆ ಆಟವನ್ನು ಮಗನಿಗೂ ಕಲಿಸಿ ಅನ್ನುತ್ತಾರೆ, ಬೇಗ ಗೆಲ್ಲಬಹುದಲ್ಲ ಅಂತ. ನಾನು ಸದ್ಯಕ್ಕೆ ಅವನಿಗೆ ಕಪ್ಪು ಕಾಯಿಗಳನ್ನೇ ಕೊಟ್ಟು ಕಾಕಾನ ಪಕ್ಕ ಕೂರಿಸಿದ್ದೇನೆ. ರಾಜನನ್ನು ನಡೆಸಲು ಬಂದ ಮೇಲೆ ಕುದುರೆ ಕೊಡುವುದನ್ನು ಕಲಿತರಾಯಿತು. ನೀವೇನಂತೀರಿ?