ಮಹಡಿ ಮನೆ

ನಾಗರಬಾವಿಯ ನಮ್ಮ ಮಹಡಿ ಮನೆ ಖಾಲಿಯಾಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಗೇಟಿನ ಬಳಿ ಗುಂಗುರುಗೂದಲಿನ ಕಪ್ಪು ಹುಡುಗಿಯೊಬ್ಬಳು ನಿಂತಿದ್ದಳು. ಆಫ್ರಿಕಾದಿಂದ ಓದಲು ಬಂದವಳೇ ಇರಬೇಕೆಂದು, ನನ್ನ ಹರಕು ಇಂಗ್ಲಿಷಿನಲ್ಲಿ ಮನೆ ಇಲ್ಲವೆಂದೆ.

"ಬೋರ್ಡು ಹಾಕಿದ್ದೀರಲ್ಲ ಅಮ್ಮಾ! ನಾನು ಯಲ್ಲಾಪುರದ ಕಡೆಯವಳು" ಎಂದಳು, ಅಚ್ಚ ಕನ್ನಡದಲ್ಲಿ.

ನಾಚಿಕೆಯಾಗಿ ಒಳಗೆ ಕರೆದು ಕಾಫಿ ಕೊಟ್ಟೆ. ನಮ್ಮಂಥವರು ತಪ್ಪು ಮುಚ್ಚಿಕೊಳ್ಳುವುದೇ ಕಾಫಿಯಿಂದ. ಅವಳು ಸಿದ್ದಿಯರ ಹುಡುಗಿ. ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದ್ದರಂತೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ.

ಹುಡುಗಿಗೆ ನಾಟಕದ ಹುಚ್ಚು. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಸಿನಿಮಾದಲ್ಲಿ ಕಂಡ ಮೇಲೆಯೇ ಅವಳ ಅಪ್ಪ ಒಪ್ಪಿದ್ದು. ಬೆಂಗಳೂರಿಗೆ ಮೊದಲು ಬಂದದ್ದು ಅವಳೂರಿನ ಒಬ್ಬ ಅಕ್ಕ. ಯಾವ ಬಸ್ಸು ಹತ್ತಬೇಕು, ಯಾರು ಸಂಬಳ ಬಾಕಿ ಉಳಿಸುತ್ತಾರೆ, ಬರೀ ರೌಡಿಯ ಹಿಂದೆ ನಿಲ್ಲುವ ಪಾತ್ರ ಕೊಟ್ಟರೆ ಹೇಗೆ ಬೇಡವೆನ್ನಬೇಕು, ಎಲ್ಲಾ ಹೇಳಿಕೊಟ್ಟವಳು ಅವಳೇ. ತನ್ನ ಚಾಪೆಯಲ್ಲೇ ಅರ್ಧ ಜಾಗವನ್ನೂ ಕೊಟ್ಟಿದ್ದಳು.

"ಮುಂದಿನ ವರ್ಷ ಇನ್ನೊಬ್ಬಳು ಬರ್ತಾಳೆ ಅಮ್ಮಾ. ಅವಳಿಗೂ ಜಾಗ ಬೇಕಲ್ಲ, ಅದಕ್ಕೇ ದೊಡ್ಡ ಮನೆ ನೋಡ್ತಿದ್ದೀವಿ."

ನಮ್ಮ ಯಜಮಾನರು ಹಿಂದೆಮುಂದೆ ನೋಡಿದರು. ಬೀಗದ ಕೈ ಕೊಟ್ಟವಳು ನಾನೇ. ಈಗ ಮಹಡಿಯಲ್ಲಿ ಮೂವರಿದ್ದಾರೆ. ಸಂಜೆ ಮೆಟ್ಟಿಲ ಮೇಲೆ ಹಾಡಿನ ಅಭ್ಯಾಸ. ಅವತ್ತು ಮೊದಲು ಇಲ್ಲವೆಂದದ್ದು ಯಾಕೆಂದು ಅವಳು ಇವತ್ತಿಗೂ ಕೇಳಿಲ್ಲ.