ಸಮುದ್ರದ ಮೇಲೆ ನಾಲ್ಕು ರಾತ್ರಿ, ಅಮ್ಮನಿಗೆ ಒಂದು ಹಗಲು

ಅಪ್ಪನಿಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಗಿತ್ತು. ಎಡಗಾಲು ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಮನೆಯೊಳಗೆ ವಾಕರ್, ಹೊರಗೆ ಹೋದರೆ ವೀಲ್‌ಚೇರ್. ಆ ಎರಡು ವರ್ಷದಲ್ಲಿ ಅಮ್ಮ ಹಿರಿಯೂರಿನ ಮನೆ ಬಿಟ್ಟು ಹೋಗಿದ್ದು ಆಸ್ಪತ್ರೆಗೆ, ಮೆಡಿಕಲ್ ಸ್ಟೋರಿಗೆ, ಒಂದು ಸಲ ಅವರ ತಂಗಿ ಮಗಳ ಮದುವೆಗೆ. ಆ ಮದುವೆಯಲ್ಲೂ ಧಾರೆ ಮುಗಿದ ಕೂಡಲೇ ಊಟ ಕಟ್ಟಿಸಿಕೊಂಡು ವಾಪಸ್ ಬಂದಿದ್ದರು.

"ಎಲ್ಲಾದ್ರೂ ಹೋಗಿ ಬರೋಣಮ್ಮ" ಅಂದಾಗಲೆಲ್ಲ ಒಂದೇ ಉತ್ತರ: "ಇವರನ್ನ ಕರ್ಕೊಂಡು ಎಲ್ಲಿಗೆ ಹೋಗೋದಪ್ಪ? ನಾಲ್ಕು ಮೆಟ್ಟಿಲು ಹತ್ತೋಕಾಗಲ್ಲ."

ಕ್ರೂಸ್ ಐಡಿಯಾ ಹೊಳೆದದ್ದು ಅಲ್ಲಿಂದಲೇ. ಹೋಟೆಲ್ಲೇ ನಮ್ಮ ಜೊತೆ ಬರುತ್ತೆ. ಒಂದು ಸಲ ಬ್ಯಾಗ್ ಬಿಚ್ಚಿದರೆ ಮುಗೀತು. ಊಟ, ಲಿಫ್ಟ್, ಮಗುವಿಗೆ ಆಟ ಎಲ್ಲ ಒಂದೇ ಕಡೆ. ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ನಾಲ್ಕು ರಾತ್ರಿಯ ಟ್ರಿಪ್ ಬುಕ್ ಮಾಡಿದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟಾಗಿರುತ್ತೆ ಅಂತ ಜನವರಿ ಆರಿಸಿಕೊಂಡೆ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು. ಒಟ್ಟು ಐದು ಜನ, ಎರಡು ಕ್ಯಾಬಿನ್.

ನಿಮ್ಮಲ್ಲೂ ಯಾರಾದರೂ ಹೀಗೆ ಪ್ಲಾನ್ ಮಾಡುತ್ತಿದ್ದರೆ ನಮಗೆ ಗೊತ್ತಾದ ಕೆಲವು ವಿಷಯ ಹೇಳಿಬಿಡುತ್ತೇನೆ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ನಮ್ಮದನ್ನು ಬುಕ್ಕಿಂಗ್ ಜೊತೆಗೇ ಮಾಡಿಸಿಕೊಟ್ಟರು, ಆದರೆ ಗುರುತಿನ ದಾಖಲೆಗಳನ್ನು ಮೊದಲೇ ಕಳಿಸಬೇಕಿತ್ತು. ಬಂದರಿನಲ್ಲಿ ಏರ್‌ಪೋರ್ಟ್ ಥರಾನೇ ಚೆಕ್-ಇನ್, ಸ್ಕ್ಯಾನಿಂಗ್. ದೊಡ್ಡ ಬ್ಯಾಗುಗಳನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ, ಅವು ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಂಜೆಯಾಗುತ್ತೆ. ಹಾಗಾಗಿ ಮಾತ್ರೆ, ಮಗುವಿನ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಲಿ. ಅಪ್ಪನ ಬಿಪಿ ಮಾತ್ರೆ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿತ್ತು, ನನ್ನ ಪ್ಲಾನಿಂಗಿನಲ್ಲಿ ಇರಲಿಲ್ಲ.

ಮನೆಯಲ್ಲಿ ಮಾಡಿದ ತಿಂಡಿಗೆ ಮಾತ್ರ ಬಿಡಲಿಲ್ಲ. ಶೇಂಗಾ ಚಟ್ನಿಪುಡಿ, ಹುರಿಹಿಟ್ಟಿನ ಡಬ್ಬಿ ಎರಡೂ ಸ್ಕ್ಯಾನರ್ ಹತ್ತಿರವೇ ಉಳಿದವು. "ದುಡ್ಡು ಕೊಟ್ಟು ಬಂದಿದೀವಿ, ಚಟ್ನಿಪುಡಿ ತಿಂದ್ರೆ ಹಡಗು ಮುಳುಗುತ್ತಾ?" ಅಂತ ಅಮ್ಮ ಕನ್ನಡದಲ್ಲೇ ಕೇಳಿದರು. ಆ ಹುಡುಗ ನಕ್ಕ, ಡಬ್ಬಿ ಕೊಡಲಿಲ್ಲ.

ಹೊರಡುವ ಮುಂಚೆ ಸುರಕ್ಷತಾ ಡ್ರಿಲ್ ಇರುತ್ತೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೈರನ್ ಕೂಗಿದರೆ ಯಾವ ಜಾಗದಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ಹೇಳಿಕೊಡುತ್ತಾರೆ. ಬಹಳ ಜನ ಸೆಲ್ಫಿ ತೆಗೆದುಕೊಳ್ಳುತ್ತಾ ನಿಂತಿದ್ದರು. ವೀಲ್‌ಚೇರಿನಲ್ಲಿ ಇರೋರನ್ನು ಯಾರು, ಹೇಗೆ ಕರೆದೊಯ್ಯುತ್ತಾರೆ ಅಂತ ಅಮ್ಮ ನನ್ನ ಕೈಲಿ ಎರಡು ಸಲ ಕೇಳಿಸಿದರು.

ದುಡ್ಡು ಉಳಿಸೋಕೆ ಅಂತ ನಾನು ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ತೆಗೆದುಕೊಂಡಿದ್ದೆ, ಅದೂ ಹಡಗಿನ ತುದಿಯಲ್ಲಿ. ಮೊದಲ ರಾತ್ರಿಯೇ ಅದರ ಬೆಲೆ ತೆತ್ತೆ. ಒಳಕಿವಿ 'ನಾವು ಅಲ್ಲಾಡ್ತಿದೀವಿ' ಅನ್ನುತ್ತೆ, ಕಣ್ಣು ಗೋಡೆ ನೋಡಿ 'ಇಲ್ಲ' ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಹಡಗಿನ ಮಧ್ಯಭಾಗದ ಕೆಳಗಿನ ಡೆಕ್‌ಗಳಲ್ಲಿ ಅಲುಗಾಟ ಕಡಿಮೆ, ಬಯಲಿಗೆ ಬಂದು ದೂರದ ದಿಗಂತ ನೋಡಿದರೆ ಎಷ್ಟೋ ವಾಸಿ. ಇದೆಲ್ಲ ನಾನು ಓದಿದ್ದು ಎರಡು ಸಲ ವಾಂತಿ ಮಾಡಿಕೊಂಡ ಮೇಲೆ. ಅಪ್ಪನಿಗೆ, ಮಗಳಿಗೆ ಏನೂ ಆಗಲಿಲ್ಲ. ನೀವು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಮಗುವಿದ್ದರೆ ಅದಕ್ಕೆ ಎಷ್ಟು ಕೊಡಬೇಕು ಅಂತಲೂ ಕೇಳಿ.

ದಡ ದೂರವಾದ ಮೇಲೆ ಫೋನ್ ಸಿಗ್ನಲ್ ಹೋಗುತ್ತೆ. ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಿ, ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ಏರಬಹುದು. ವೈ-ಫೈಗೆ ಬೇರೆ ದುಡ್ಡು. ಕೂಲ್ ಡ್ರಿಂಕ್ಸ್, ಕೆಲವು ಆಟಗಳಿಗೂ ಬೇರೆ. ಬುಕ್ಕಿಂಗಿನಲ್ಲಿ ಕಂಡ ಮೊತ್ತಕ್ಕಿಂತ ಕೊನೆಗೆ ನಮಗೆ ಕಾಲು ಭಾಗದಷ್ಟು ಹೆಚ್ಚಾಯಿತು. ಕೈಯಲ್ಲಿ ನೋಟು ಎಣಿಸಲ್ಲ, ಕಾರ್ಡ್ ಉಜ್ಜುತ್ತಾ ಹೋಗ್ತೀವಿ, ಹಾಗಾಗಿ ಖರ್ಚು ಗೊತ್ತಾಗಲ್ಲ. ದಿನಾ ರಾತ್ರಿ ಲೆಕ್ಕ ನೋಡಿಕೊಳ್ಳೋದು ಒಳ್ಳೇದು.

ಎರಡನೇ ದಿನ ಪೂರ್ತಿ ಸಮುದ್ರವೇ. ಬೆಳಗ್ಗೆ ಐದೂವರೆಗೆ ಹೋಗಿ ನೋಡಿದರೆ ಅಮ್ಮ ತಲೆ ಬಾಚಿ, ಹಣೆಗೆ ಇಟ್ಟುಕೊಂಡು, ಮಂಚದ ಅಂಚಿನಲ್ಲಿ ಸುಮ್ಮನೆ ಕೂತಿದ್ದರು.

"ಯಾಕಮ್ಮ, ಮಲ್ಕೋಬಾರ್ದಾ?"

"ಎದ್ದಾಯ್ತು. ಎದ್ದು ಏನು ಮಾಡ್ಬೇಕು ಅಂತ ಗೊತ್ತಾಗ್ತಿಲ್ಲ."

ಹಾಲು ಕಾಯಿಸೋದಿಲ್ಲ, ಬಾಗಿಲಿಗೆ ನೀರು ಹಾಕೋದಿಲ್ಲ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಒಲೆ ಹಚ್ಚದ ಬೆಳಗ್ಗೆಗಳನ್ನು ಬೆರಳಲ್ಲಿ ಎಣಿಸಬಹುದು. ಅಪ್ಪನನ್ನು ವೀಲ್‌ಚೇರಿನಲ್ಲಿ ಕೂರಿಸಿ ಮೇಲಿನ ಡೆಕ್‌ಗೆ ಕರೆದುಕೊಂಡು ಹೋದೆವು. ಅಮ್ಮ ಮೊದಲ ಸಲ ಸಮುದ್ರವನ್ನು ಸುತ್ತಲೂ ನೋಡಿದ್ದು ಅಲ್ಲಿ. ಅವರು ಕಂಡ ದೊಡ್ಡ ನೀರು ಅಂದರೆ ನಮ್ಮ ಮಾರಿಕಣಿವೆ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಆಗ ಇಡೀ ಹಿರಿಯೂರು ನೋಡೋಕೆ ಹೋಗಿತ್ತು, ಅಪ್ಪ ಅಮ್ಮನೂ ಟಿವಿಎಸ್ ಮೇಲೆ ಹೋಗಿದ್ದರು.

ತುಂಬ ಹೊತ್ತು ನೋಡಿ ಅಮ್ಮ ಕೇಳಿದ್ದು, "ಇಷ್ಟು ಜನಕ್ಕೆ ಕುಡಿಯೋ ನೀರು ಎಲ್ಲಿಂದಪ್ಪ?"

ನಾನು ಯೋಚನೆಯೇ ಮಾಡಿರಲಿಲ್ಲ. ಇಂಥ ಹಡಗುಗಳು ಸಮುದ್ರದ ನೀರಿಂದಲೇ ಸಿಹಿನೀರು ಮಾಡಿಕೊಳ್ಳುತ್ತವೆ. ಎಂಜಿನ್ನಿನ ಬಿಸಿಯಲ್ಲಿ ನೀರನ್ನು ಆವಿ ಮಾಡಿ ತಣಿಸುತ್ತವೆ, ಇಲ್ಲವೇ ಒತ್ತಡ ಹಾಕಿ ತೆಳುವಾದ ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಬೇರೆ ಮಾಡುತ್ತವೆ. ಹೇಳಿದ್ದಕ್ಕೆ, "ನಮ್ಮೂರಿಗೂ ಒಂದು ಹಾಕ್ಸಿದ್ರೆ" ಅಂದರು. ಅಪ್ಪ ನಕ್ಕರು. "ಅದಕ್ಕೆ ಮೊದ್ಲು ಸಮುದ್ರ ತರ್ಬೇಕಲ್ಲೇ."

ಮೂರನೇ ದಿನ ಅಗತ್ತಿ ದ್ವೀಪ. ನಾನು ದೊಡ್ಡದಾಗಿ ಎಡವಿದ್ದು ಇಲ್ಲೇ. ಹಡಗಿನಲ್ಲಿ ವೀಲ್‌ಚೇರ್ ಓಡಾಡುತ್ತೆ ಅಂತ ಕೇಳಿ ತಿಳಿದುಕೊಂಡಿದ್ದೆ, ದ್ವೀಪಕ್ಕೆ ಇಳಿಯೋದು ಹೇಗೆ ಅಂತ ಕೇಳಿರಲಿಲ್ಲ. ಲಕ್ಷದ್ವೀಪದ 36 ದ್ವೀಪಗಳು ಸೇರಿದರೂ ಸುಮಾರು 32 ಚದರ ಕಿಲೋಮೀಟರ್. ಅಗತ್ತಿಯ ಪಕ್ಕದ ಲಗೂನ್ ಆಳವಿಲ್ಲ, ಹೊರಗೆ ಹವಳದ ದಿಬ್ಬ. ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತೆ, ಅಲ್ಲಿಂದ ಸಣ್ಣ ದೋಣಿ. ಹಡಗಿನ ಬದಿಯ ಬಾಗಿಲಿಂದ ಏರಿಳಿಯುತ್ತಿರುವ ದೋಣಿಗೆ ಕಾಲಿಡಬೇಕು. ಇಬ್ಬರು ಸಿಬ್ಬಂದಿ ಕೈ ಹಿಡಿಯುತ್ತಾರೆ ನಿಜ, ಆದರೆ ಕಾಲು ನಮ್ಮದೇ ಗಟ್ಟಿಯಿರಬೇಕು. ಅಪ್ಪನನ್ನು ನೋಡಿ ಅವರು ತಲೆಯಾಡಿಸಿದರು. ಅವರ ತಪ್ಪಿಲ್ಲ. ಆಫೀಸಿನಲ್ಲಿ ಏನೇನು ಕೈಕೊಡಬಹುದು ಅಂತ ಮೊದಲೇ ಪಟ್ಟಿ ಮಾಡೋದೇ ನನ್ನ ಕೆಲಸ. ಮನೆಯವರ ಟ್ರಿಪ್ಪಿಗೆ ಆ ಪಟ್ಟಿ ಅರ್ಧಕ್ಕೇ ನಿಂತಿತ್ತು.

"ನೀವು ಹೋಗಿ ಬನ್ನಿ, ನಾನು ಇವರ ಜೊತೆ ಇರ್ತೀನಿ" ಅಂತ ಅಮ್ಮ ತಟ್ಟನೆ ಹೇಳಿದರು. ಬೇಜಾರಿನ ದನಿ ಕೂಡ ಇರಲಿಲ್ಲ. ಅಭ್ಯಾಸ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸ್ಟ್ರೋಕ್ ಆದ ಮೇಲೆ ಮಾತು ನಿಧಾನ. "ಎರಡು ವರ್ಷದಿಂದ ನನ್ ಮುಖ ನೋಡ್ತಾ ಕೂತಿದೀಯ. ಒಂದು ದಿನ ಬೇರೆ ಏನಾದ್ರೂ ನೋಡ್ಕೊಂಡು ಬಾ."

"ಮಾತ್ರೆ?"

"ಇವನಿಗೆ ಓದೋಕೆ ಬರುತ್ತೆ."

ನನ್ನ ಹೆಂಡತಿ, "ಅತ್ತೆ, ಬನ್ನಿ" ಅಂತ ಕೈ ಹಿಡಿದಳು. ಮಗಳು ಇನ್ನೊಂದು ಕೈ ಹಿಡಿದಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಹಾಕಿಕೊಂಡು ಅಮ್ಮ ದೋಣಿಗೆ ಕಾಲಿಟ್ಟರು. ತಿರುಗಿ ನೋಡುತ್ತಾರೆ ಅಂದುಕೊಂಡೆ. ದೋಣಿ ಅಲ್ಲಾಡುತ್ತಿತ್ತು, ನೋಡಲಿಲ್ಲ.

ಆ ಐದು ಗಂಟೆ ನಾನು, ಅಪ್ಪ ಇಬ್ಬರೇ. ಹನ್ನೊಂದಕ್ಕೆ ಮಾತ್ರೆ, ಆಮೇಲೆ ಬಾತ್‌ರೂಮ್. ಆ ಸಣ್ಣ ಬಾತ್‌ರೂಮಿನ ಹೊಸ್ತಿಲು ದಾಟಿಸೋಕೆ ನನ್ನ ಬೆನ್ನು ಹಿಡಿದುಕೊಂಡಿತು. ಊಟದಲ್ಲಿ ಎಡಗಡೆ ತುಟಿಯಿಂದ ಸಾರು ಜಾರುತ್ತೆ, ಒರೆಸುತ್ತಿರಬೇಕು. ಗಂಟೆಗೊಂದು ಸಲ ಕಾಲಿನ ಭಂಗಿ ಬದಲಾಯಿಸಬೇಕು, ಇಲ್ಲದಿದ್ದರೆ ಊದುತ್ತೆ. ಫೋನಿನಲ್ಲಿ ದಿನಾ "ಅಪ್ಪ ಹೇಗಿದಾರೆ?" ಅಂತ ಕೇಳುತ್ತಿದ್ದೆ. ಅಮ್ಮ "ಆರಾಮಾಗಿದಾರೆ" ಅನ್ನುತ್ತಿದ್ದರು. ಆ ಒಂದು ಪದದೊಳಗೆ ಎಷ್ಟು ಕೆಲಸ ಇತ್ತು ಅಂತ ಗೊತ್ತಾಗೋಕೆ ನಾನು ಸಮುದ್ರದ ಮಧ್ಯಕ್ಕೆ ಬರಬೇಕಾಯಿತು.

ನಾಲ್ಕು ಗಂಟೆಗೆ ದೋಣಿ ವಾಪಸ್ ಬಂತು. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆ, ಮುಖ ಕೆಂಪು. ಗಾಜಿನ ತಳದ ದೋಣಿಯಿಂದ ಹವಳ ನೋಡಿದ್ದು, ಮೊಮ್ಮಗಳು ಮೀನಿಗೆ ಹೆಸರಿಟ್ಟಿದ್ದು ಎಲ್ಲ ಒಂದೇ ಉಸಿರಿಗೆ ಹೇಳಿದರು. ಎಳನೀರು ಮಾರುತ್ತಿದ್ದ ಹೆಂಗಸಿನ ಜೊತೆ, ಸೊಸೆಯ ಹರಕುಮುರುಕು ಮಲಯಾಳಂ ಹಿಡಿದು ಮಾತಾಡಿದ್ದರಂತೆ. "ಅಲ್ಲೂ ಸಿಹಿನೀರಿಗೆ ಕಷ್ಟವೇ ಅಂತೆ ಕಣೋ. ಬಾವಿ ತೋಡಿದ್ರೆ ಮೇಲೆ ಸ್ವಲ್ಪ ಮಾತ್ರ ಸಿಹಿ, ಕೆಳಗೆ ಉಪ್ಪು. ಅವರಿಗೂ ಸಮುದ್ರದಿಂದ ನೀರು ಮಾಡೋ ಮಿಷನ್ ಇದೆಯಂತೆ." ಅಗತ್ತಿಯಲ್ಲಿ 2011ರಿಂದ ಅಂಥ ಘಟಕ ಇದೆ. ನಾನು ಕೊನೇ ದಿನ ಗೂಗಲ್ ಮಾಡಿ ತಿಳಿದುಕೊಂಡದ್ದನ್ನು ಅಮ್ಮ ಆಗಲೇ ವಿಚಾರಿಸಿಕೊಂಡು ಬಂದಿದ್ದರು.

ಅಪ್ಪ ಕೇಳಿದ್ದು ಒಂದೇ. "ಹೆಂಗಿತ್ತು ನೀರು?"

"ಬೆಚ್ಚಗಿತ್ತು ರೀ" ಅಂದರು ಅಮ್ಮ. ಆಮೇಲೆ ಅಪ್ಪನ ಕಾಲು ನೋಡಿ, ನನ್ನ ಕಡೆ ತಿರುಗಿ, "ಪರವಾಗಿಲ್ಲ, ಊದಿಲ್ಲ" ಅಂದರು. ಪ್ರಮೋಷನ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಕ್ರೂಸ್ ಹೋಗಬಹುದಾ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಹೋಗಬಹುದು. ಮಧ್ಯದ ಕ್ಯಾಬಿನ್ ತೆಗೆದುಕೊಳ್ಳಿ, ದೋಣಿಗೆ ಇಳಿಯೋದು ಹೇಗೆ ಅಂತ ಕೇಳಿಕೊಳ್ಳಿ, ಚಟ್ನಿಪುಡಿ ಬಿಡುತ್ತಾರಾ ಅಂತಲೂ ಕೇಳಿ. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವವರು ಜೊತೆಗೆ ಬರುತ್ತಿದ್ದರೆ ಒಂದು ದಿನದ ಕೆಲಸ ನೀವು ವಹಿಸಿಕೊಳ್ಳಿ. ಇಲ್ಲದಿದ್ದರೆ ಅವರ ಪಾಲಿಗೆ ಜಾಗ ಮಾತ್ರ ಬದಲಾಗುತ್ತೆ, ರಜೆ ಸಿಗಲ್ಲ.

ಹೋದ ವಾರ ಅಮ್ಮ ಫೋನ್ ಮಾಡಿದ್ದರು. "ಪಕ್ಕದ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗ್ತಿದಾರೆ, ಎರಡು ದಿನ. ನೀನು ಬಂದು ಅಪ್ಪನ ಹತ್ರ ಇರ್ತೀಯಾ?" ಇಷ್ಟು ವರ್ಷದಲ್ಲಿ ಅವರಾಗೇ ತಮಗೋಸ್ಕರ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಹಿರಿಯೂರಿನ ಬಸ್ ಹತ್ತಿದೆ.