ಒಂದೇ ಸಹ್ಯಾದ್ರಿ
ಮಳೆ ಹಿಡಿಯಿತೆಂದರೆ ನಮ್ಮ ಹುಡುಗರು ಭಾನುವಾರ ಕರ್ಜತ್ ಲೋಕಲ್ ಹತ್ತುತ್ತಾರೆ. ಭಿವಪುರಿ ರೋಡಿನಲ್ಲಿ ಇಳಿದು ನಡೆದರೆ ಜಲಪಾತ. ಒಮ್ಮೆ ನಾನೂ ಹೋಗಿದ್ದೆ. “ಊರಲ್ಲೂ ಹೀಗೇ ಉಂಟಾ ಮಾವ?” ಎಂದ ತಂಗಿಯ ಮಗ. ಇದೇ ಸಹ್ಯಾದ್ರಿ ಮಾರಾಯ, ಶರಾವತಿ 253 ಮೀಟರ್ ಧುಮುಕುವ ಜೋಗ, ಕೊಡಚಾದ್ರಿ, ಆಗುಂಬೆ ಎಲ್ಲ ಇದರದ್ದೇ ಸಾಲು ಎಂದೆ. 1998ರಿಂದ ಕೊಂಕಣ ರೈಲು ಈ ಸಾಲಿನ ಮಗ್ಗುಲಲ್ಲೇ ನಮ್ಮನ್ನು ಉಡುಪಿ, ಮಂಗಳೂರಿಗೆ ಒಯ್ಯುತ್ತಿದೆ.

ಬೆಟ್ಟ ಒಂದೇ ಆದ ಮೇಲೆ ಬುದ್ಧಿಯೂ ಒಂದೇ. ಮೇಲೆ ಸುರಿದ ಮಳೆ ಕೆಳಗೆ ನಿಂತವರಿಗೆ ಕಾಣದು. ನೀರು ಕ್ಷಣದಲ್ಲಿ ಏರುತ್ತದೆ. ಹೊಳೆ ಕೆಂಪಾದರೆ ಇಳಿಯಬಾರದೆಂದು ಊರಿನ ಹಿರಿಯರು ಹೇಳುತ್ತಿದ್ದರು. ಮುಂಬಯಿಯ ಸುತ್ತ ಮಳೆಗಾಲದಲ್ಲಿ ಎಳೆಯ ಜೀವಗಳು ಹೋಗುತ್ತಲೇ ಇವೆ. ನಿಷೇಧದ ಫಲಕ ಕಂಡಲ್ಲಿ ಹಿಂತಿರುಗಿ. ಚೌತಿಗೆ ಊರಿಗೆ ಹೋದಾಗ ಜೋಗವನ್ನೂ ನೋಡಿ ಬನ್ನಿ, ಮಕ್ಕಳೇ.